ದೇವರ ಹೆಸರಿದ್ದ ಕಾಗದ



ಕೇರಳ ಪ್ರಾಂತದ ಪ್ರವಾಸದಲ್ಲಿ ಕೊಚ್ಚಿಯ ಮಟ್ಟಾಂಚೇರಿಗೆ ಹೋಗಿ ಯೆಹೂದ್ಯರ ಪ್ರಾರ್ಥನಾ ಮಂದಿರವನ್ನು ನೋಡಿ ಬಂದೆವು. ಅದಕ್ಕೆ ಸಿನಗಾಗ್ ಎನ್ನುತ್ತಾರೆ. 1568ರಲ್ಲಿ ಕೊಚ್ಚಿಯ ಅರಸರ ಆಶ್ರಯದಲ್ಲಿ ಕಟ್ಟಿದ್ದು. ಮಗ್ಗುಲಲ್ಲಿಯೇ ಅರಮನೆಯ ಭಗವತಿಯ ಗುಡಿ. ಸಿನಗಾಗಿನೊಳಗೂ ಪಾದರಕ್ಷೆ ಬಿಟ್ಟೇ ಹೋಗಬೇಕು. ನೆಲಕ್ಕೆಲ್ಲ ಚೀನಾ ದೇಶದಿಂದ ಹಡಗಿನಲ್ಲಿ ತರಿಸಿದ, ಕೈಯಿಂದ ನೀಲಿ ಚಿತ್ತಾರ ಬರೆದ ಬಿಲ್ಲೆಗಳು. ನಡುವೆ ಹಿತ್ತಾಳೆಯ ವೇದಿಕೆ. ಮೇಲೆ ಗಾಜಿನ ತೂಗುದೀಪಗಳು. ಸಂಗಡ ಬಂದಿದ್ದ ಭಕ್ತರೊಬ್ಬರು ಅತ್ತ ಇತ್ತ ನೋಡಿ, “ಅಜ್ಜಾರ, ಇಲ್ಲಿ ಮೂರ್ತಿನ ಕಾಣವಲ್ದಲ್ರೀ?” ಎಂದರು. ಮೂರ್ತಿ ಇಲ್ಲ. ಅವರ ಧರ್ಮಗ್ರಂಥವಾದ ತೋರಾದ ಸುರುಳಿಗಳಿವೆ. ಚರ್ಮದ ಹಾಳೆಯ ಮೇಲೆ ಕೈಯಿಂದಲೇ ಬರೆದವು. ಅಕ್ಷರವೇ ಅಲ್ಲಿಯ ಗರ್ಭಗೃಹ.

ಕ್ರಿಸ್ತಶಕ 1000ದ ಹೊತ್ತಿಗೆ ಭಾಸ್ಕರ ರವಿವರ್ಮನೆಂಬ ಅರಸನು ಯೋಸೇಫ್ ರಬ್ಬಾನನೆಂಬ ಯೆಹೂದ್ಯ ಮುಖಂಡನಿಗೆ ತಾಮ್ರಶಾಸನ ಬರೆಸಿಕೊಟ್ಟನು. ಇಷ್ಟು ಹಳೆಯ ಬೇರಿದ್ದ ಜನ, 1948ರಲ್ಲಿ ಇಸ್ರೇಲ್ ರಾಷ್ಟ್ರ ಸ್ಥಾಪನೆಯಾದ ಮೇಲೆ ಬಹುಪಾಲು ಅಲ್ಲಿಗೆ ಹೊರಟುಹೋದರು. ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ಪುರುಷರು ಕೂಡಬೇಕೆಂಬುದು ಅವರ ವಿಧಿ. ಈಗ ಆ ಬೀದಿಯಲ್ಲಿ ಹತ್ತು ಮಂದಿ ಇಲ್ಲ.

ಅಲ್ಲಿಯೂ ಮೇಲು-ಕೀಳು ಇತ್ತೆಂಬುದನ್ನು ಮರೆಮಾಚಬಾರದು. ದಾಸ್ಯದಿಂದ ಬಿಡುಗಡೆ ಹೊಂದಿದವರ ಸಂತತಿಗೆ ಒಳಗೆ ಸರಿಸಮನಾಗಿ ಕೂಡ್ರುವ ಅಧಿಕಾರವಿರಲಿಲ್ಲ. ಆ ಸಂತತಿಯ ಎ. ಬಿ. ಸೇಲಂ ಎಂಬ ವಕೀಲರು ಗಾಂಧೀಜಿಯವರ ಮಾರ್ಗ ಹಿಡಿದು, ದೇವರ ಮನೆಯಲ್ಲಿಯೇ ಸತ್ಯಾಗ್ರಹ ಮಾಡಿದರು. ಇದನ್ನು ಕೇಳಿ ಯಾರೂ ನಗಬೇಡಿರಿ. ಜಾತ್ರೆಯ ದಿನ ನಮ್ಮ ಪ್ರಸಾದದ ಪಂಕ್ತಿಯಲ್ಲಿ ಯಾರ ಮಗ್ಗುಲಲ್ಲಿ ಯಾರು ಕೂಡ್ರುತ್ತಾರೆ, ಯಾರು ಏಳುತ್ತಾರೆ ಎಂಬುದು ನಮ್ಮ ಕಣ್ಣಿಗೂ ಬೀಳುತ್ತದೆ.

ಆದರೆ ಇಂದು ಹೇಳಬೇಕೆಂದಿರುವುದು ಕಾಗದದ ಮಾತು. ದೇವರ ನಾಮ ಬರೆದ ಹಾಳೆಯನ್ನು ಯೆಹೂದ್ಯರು ಕಸಕ್ಕೆ ಹಾಕುವುದಿಲ್ಲ, ಹರಿದು ಬಿಸಾಡುವುದಿಲ್ಲ. ಜೀರ್ಣವಾದರೆ ಒಂದು ಕೋಣೆಯಲ್ಲಿ ಕೂಡಿಹಾಕಿ, ಮುಂದೆ ಮಣ್ಣಿಗೆ ಒಪ್ಪಿಸುತ್ತಾರೆ. ಆ ಕೋಣೆಗೆ ಗೆನೀಜಾ ಎಂದು ಹೆಸರು. ಈಜಿಪ್ಟ ದೇಶದ ಕೈರೋದಲ್ಲಿ ಬೆನ್ ಎಜ್ರಾ ಎಂಬ ಪ್ರಾಚೀನ ಸಿನಗಾಗ್ ಇದೆ. ಅಲ್ಲಿಯ ಗೆನೀಜಾದ ಕಾಗದಗಳು ಮಣ್ಣು ಸೇರದೆ ನೂರಾರು ವರ್ಷ ಹಾಗೆಯೇ ಉಳಿದವು. ಮಳೆಯಿಲ್ಲದ ನಾಡು, ಒಣ ಹವೆ. ಹುಳು ಹಿಡಿಯಲಿಲ್ಲ, ಕೊಳೆಯಲಿಲ್ಲ. ಶೆಕ್ಟರ್ ಎಂಬ ವಿದ್ವಾಂಸರು 1896-97ರಲ್ಲಿ ಅಲ್ಲಿಂದ ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಸಾಗಿಸಿದ ತುಣುಕುಗಳೇ 1,90,000ಕ್ಕೆ ಮೇಲ್ಪಟ್ಟು. ಬರೀ ಶಾಸ್ತ್ರಗ್ರಂಥಗಳಲ್ಲ. ಪತ್ರದ ಮೊದಲಲ್ಲಿ ದೇವರ ಸ್ಮರಣೆ ಇರುತ್ತಿದ್ದುದರಿಂದ ವ್ಯಾಪಾರದ ಓಲೆ, ಸಾಲದ ಲೆಕ್ಕ, ಮದುವೆಯ ಕರಾರು ಎಲ್ಲವೂ ಅಲ್ಲಿ ಸೇರಿದ್ದವು.

ಅದರೊಳಗೆ ನಮ್ಮ ಮಂಗಳೂರು ಸಿಕ್ಕಿತು! ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕ. ಹುಟ್ಟೂರು ಆಫ್ರಿಕಾದ ಉತ್ತರ ತೀರದ ಮಹದಿಯಾ. 1132ರ ಹೊತ್ತಿಗೆ ಮಂಗಳೂರಿಗೆ ಬಂದು ಸುಮಾರು ಹದಿನೇಳು ವರ್ಷ ನಮ್ಮ ಕರಾವಳಿಯಲ್ಲಿ ಇದ್ದನು. ಮೆಣಸು, ಯಾಲಕ್ಕಿ, ಅಡಿಕೆ ಕಳಿಸುತ್ತಿದ್ದನು. ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆಯನ್ನೂ ಇಟ್ಟಿದ್ದನು. ಏಡನ್ ಬಂದರಿನ ಮಿತ್ರರು ಅವನಿಗೆ ಸಕ್ಕರೆಯ ಸಂಗಡ ಕಾಗದವನ್ನೂ ಹಡಗಿನಲ್ಲಿ ಕಳಿಸುತ್ತಿದ್ದರು. ಯಾಕೆಂದರೆ ನಮ್ಮ ಜನ ಬರೆಯುತ್ತಿದ್ದುದು ತಾಳೆಯ ಗರಿಯ ಮೇಲೆ. ಕಾಗದ ಇಲ್ಲಿ ದುರ್ಲಭ. ಬಂದ ಪತ್ರದ ಬೆನ್ನಿನ ಮೇಲೆಯೂ ಅವನು ತನ್ನ ಲೆಕ್ಕ ಬರೆದುಕೊಳ್ಳುತ್ತಿದ್ದನು. ಆಶು ಎಂಬ ದಾಸಿಯನ್ನು ಅವನು 1132ರ ಅಕ್ಟೋಬರದಲ್ಲಿ ಮಂಗಳೂರಿನಲ್ಲಿಯೇ ಬಿಡುಗಡೆ ಮಾಡಿದ ಪತ್ರವೂ ಉಳಿದಿದೆ. ಅವಳೇ ಅವನ ಮಕ್ಕಳ ತಾಯಿಯೆಂದು ವಿದ್ವಾಂಸರ ಅಭಿಪ್ರಾಯ.

ಅವನಲ್ಲಿ ಒಬ್ಬ ಆಳು ಇದ್ದನು. ಹೀಬ್ರೂ ಲಿಪಿಯಲ್ಲಿ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವ ವಾಡಿಕೆಯಿಲ್ಲ, ನಮ್ಮ ಕಾಗುಣಿತದ ಸೌಕರ್ಯ ಅವರಿಗಿಲ್ಲ. ಹೀಗಾಗಿ ಅವನ ಹೆಸರಿಗೆ ಬ, ಮ, ಹ ಎಂಬ ಮೂರು ಅಕ್ಷರ ಮಾತ್ರ. ಅಮಿತಾವ ಘೋಷರು ಇವನ ಜಾಡು ಹಿಡಿದು ಮಂಗಳೂರಿಗೆ ಬಂದಾಗ, ಪ್ರೊಫೆಸರ್ ವಿವೇಕ ರೈ ಅವರ ನೆರವಿನಿಂದ ಅದು ಬೊಮ್ಮ ಎಂದು ತಿಳಿದುಕೊಂಡರು. ಅವರ ಗ್ರಂಥ 1992ರಲ್ಲಿ ಪ್ರಕಟವಾಯಿತು. ಬೊಮ್ಮ! ಕಿನ್ನರಿ ಬೊಮ್ಮಯ್ಯಗಳ ಹೆಸರು ಕೇಳಿದ ನಮಗೆ ಇದರ ಅರ್ಥ ಯಾರೂ ಹೇಳಬೇಕಾಗಿಲ್ಲ. ಈ ಬೊಮ್ಮನನ್ನು ಒಡೆಯನು ಏಡನ್ನಿಗೆ ಕಳಿಸಿದರೆ, ಅಲ್ಲಿ ಕುಡಿದು ಹಣಕ್ಕಾಗಿ ಪೀಡಿಸಿದನೆಂದು ದೂರು ಬರೆದಿದ್ದಾರೆ. ಆದರೆ ಮುಂದಿನ ಪತ್ರಗಳಲ್ಲಿ ಅದೇ ಏಡನ್ನಿನ ದೊಡ್ಡ ಸಾವುಕಾರರು ಬೊಮ್ಮನಿಗೆ ಗೌರವದ ಬಿರುದು ಕೂಡಿಸಿ ಕುಶಲ ಕೇಳಿದ್ದಾರೆ. ಆಳಿನ ಕುಡುಕತನವೂ ಉಳಿಯಿತು, ಆಳಿಗೆ ಸಂದ ಮರ್ಯಾದೆಯೂ ಉಳಿಯಿತು.

ಬೆನ್ ಯಿಜು 1149ರಲ್ಲಿ ಗಂಟು ಕಟ್ಟಿಕೊಂಡು ಏಡನ್ನಿಗೆ ಹೊರಟನು. ಕಾಲವನ್ನು ಲಕ್ಷ್ಯಕ್ಕೆ ತಂದುಕೊಳ್ಳಿರಿ. ಇತ್ತ ಕಲ್ಯಾಣದಲ್ಲಿ ಶರಣರು ಕೂಡಿದ್ದು ಅದೇ ಶತಮಾನ. ಕಲ್ಯಾಣ ಕ್ರಾಂತಿಯ ತರುವಾಯ ಚೆನ್ನಬಸವಣ್ಣನವರ ಸಂಗಡ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಗೆ ನಡೆದರೆಂದು ಪರಂಪರೆ ಹೇಳುತ್ತದೆ. ನೀವು ಚಕ್ಕಡಿ ಹೂಡಿಕೊಂಡು ಹೋಗುವ ಅದೇ ಉಳವಿ. ಮಂಗಳೂರಿನ ವರ್ತಕನ ಅಡಿಕೆಯ ಲೆಕ್ಕ ಅವನ ಕೈಬರಹದಲ್ಲಿಯೇ ಇಂದಿಗೂ ಇದೆ. ಬಸವಣ್ಣನವರು ಸ್ವಹಸ್ತದಿಂದ ಬರೆದ ಒಂದು ಗರಿಯನ್ನು ನಮಗೆ ತೋರಿಸಬಲ್ಲವರು ಯಾರಿದ್ದಾರೆ? ನಮ್ಮಲ್ಲಿರುವುದೆಲ್ಲ ಪ್ರತಿಯ ಪ್ರತಿ. ಹವೆ ಅಂಥದು, ಒಪ್ಪಿದೆವು. ಆದರೆ ಹವೆಯೊಂದೇ ಅಲ್ಲ. ಧಾರವಾಡದಲ್ಲಿ ಜನಿಸಿದ ಫ. ಗು. ಹಳಕಟ್ಟಿಯವರು ವಕೀಲಿ ಬದಿಗಿಟ್ಟು ಮನೆ ಮನೆ ತಿರುಗಿ ಓಲೆಗರಿ ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರ ಅಚ್ಚು ಮಾಡಿಸದಿದ್ದರೆ, ನಾವು ನೀವು ಇಂದು ಹಾಡುವ ವಚನಗಳಲ್ಲಿ ಎಷ್ಟು ಉಳಿಯುತ್ತಿದ್ದವು? ಪೂಜೆ ಮಾಡಿದವರು ಬಹಳ ಜನ. ಬಿಚ್ಚಿ ಓದಿದವರು ಕಡಿಮೆ.

ಹಳೆಯ ಮನೆ ಕೆಡವಿ ಸಿಮೆಂಟಿನ ಮನೆ ಕಟ್ಟಿಸುವವರು ಈಗ ಊರಿಗೆ ಹತ್ತು ಜನ. ಕೆಡವುವ ಮೊದಲು ನಾಗೊಂದಿಗೆಯ ಮೇಲೆ, ಜಗುಲಿಯ ಹಿಂದೆ, ಅಜ್ಜನ ಪೆಟ್ಟಿಗೆಯ ತಳದಲ್ಲಿ ಕೈಯಾಡಿಸಿರಿ. ಗರಿಯ ಕಟ್ಟು ಸಿಕ್ಕರೆ ಹೊಳೆಗೆ ಬಿಡಬೇಡಿರಿ, ಒಲೆಗೆ ಹಾಕಬೇಡಿರಿ, ಬಂಧುಗಳು ಹಂಚಿಕೊಂಡು ಬಿಡಿಬಿಡಿ ಮಾಡಲೂಬೇಡಿರಿ. ದಾರ ಹಳೆಯದೆಂದು ಬಿಚ್ಚಿದರೆ ಗರಿಗಳ ಅನುಕ್ರಮ ತಪ್ಪುತ್ತದೆ. ಕುಂಕುಮ, ಎಣ್ಣೆ ಹಚ್ಚಬೇಡಿರಿ. ಒಣ ಅರಿವೆಯಲ್ಲಿ ಸುತ್ತಿ ಮಠಕ್ಕೆ ತನ್ನಿರಿ. ಇಲ್ಲವೇ ಧಾರವಾಡದಲ್ಲಿ 1939ರಿಂದ ನಡೆದುಬಂದ ಕನ್ನಡ ಸಂಶೋಧನ ಸಂಸ್ಥೆಯಲ್ಲಿ ತಿಳಿದವರಿಗೆ ತೋರಿಸಿರಿ. ಸಾಲದ ಲೆಕ್ಕವಿದ್ದರೂ ಸರಿಯೇ. ಬರುವ ಅಮಾವಾಸ್ಯೆಯ ಗೋಷ್ಠಿಗೆ ಬರುವಾಗ ಯಾರ ಮನೆಯಲ್ಲಿ ಏನಿದೆಯೆಂದು ಹೇಳಿರಿ. ಮಠದ ವಹಿಯಲ್ಲಿ ಬರೆಸಿಡುತ್ತೇವೆ.