ಏಳು ಹುಡುಗರ ಹಾಡು, ನಮ್ಮ ಸಂಕೋಚ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಹಳೆಯ ನೆನಪುಗಳನ್ನು ಹೇಳಬೇಕೆಂದು ಸಿದ್ಧವಾಗಿ ಬಂದಿದ್ದೆ. ಆದರೆ ಬೆಳಿಗ್ಗೆ ಒಂಬತ್ತನೇ ತರಗತಿಯ ಒಬ್ಬ ಹುಡುಗಿಯ ನೋಟ್‌ಬುಕ್ಕಿನ ರಟ್ಟಿನ ಮೇಲೆ ಕೊರಿಯನ್ ಅಕ್ಷರಗಳನ್ನು ಕಂಡೆ. "ಇದೇನಮ್ಮ?" ಅಂದೆ. "ಬಿಟಿಎಸ್ ಸಾರ್" ಎಂದು ನಾಚಿಕೊಂಡು ಪುಸ್ತಕ ಮುಚ್ಚಿದಳು. ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಓದೋದು ಬಿಟ್ಟು ಇದೊಂದು ಹುಚ್ಚು" ಎಂದರು. ನನ್ನ ಮಗಳ ದೆಸೆಯಿಂದ ಈ ಹಾಡುಗಳನ್ನು ನಾನೂ ಕೇಳಿದ್ದೇನೆ. ಆ ಹುಚ್ಚಿನಲ್ಲಿ ನಮಗೂ ಒಂದು ಪಾಠವಿದೆ. ಅದನ್ನೇ ಇವತ್ತು ಹೇಳುತ್ತೇನೆ.

ಬಿಟಿಎಸ್ ಎಂಬುದು ದಕ್ಷಿಣ ಕೊರಿಯಾದ ಏಳು ಹುಡುಗರ ತಂಡ. 2013ರ ಜೂನ್‌ನಲ್ಲಿ ಹಾಡಲು ಶುರು ಮಾಡಿತು. ಅವರನ್ನು ತಯಾರು ಮಾಡಿದ ಕಂಪನಿ ಆಗ ಸಣ್ಣದು. ಏಳು ಜನರಲ್ಲಿ ಐವರು ರಾಜಧಾನಿ ಸಿಯೋಲ್‌ಗೆ ದೂರದ ದೇಗು, ಬುಸಾನ್, ಗ್ವಾಂಗ್‌ಜು ಕಡೆಯವರು. ನಮ್ಮಲ್ಲಿ ಧಾರವಾಡದ ಮಾತು, ಮಂಗಳೂರಿನ ಮಾತು ಬೇರೆ ಬೇರೆ ಇರುವಂತೆ ಅಲ್ಲಿಯೂ ಸೀಮೆಗೊಂದು ಮಾತಿನ ಧಾಟಿ ಇದೆ. ತಮ್ಮ ಸೀಮೆಗಳ ಆಡುಮಾತನ್ನೇ ಎದುರುಬದುರು ಇಟ್ಟು, ತಮಾಷೆಯಾಗಿ ಜಗಳವಾಡುವ ಒಂದು ಹಾಡನ್ನು ಅವರು ಆ ಮೊದಲ ವರ್ಷವೇ ಆಲ್ಬಮ್ಮಿಗೆ ಹಾಕಿದರು. ಆಡುಮಾತಿಗೆ ನಾಚಿಕೊಳ್ಳಲಿಲ್ಲ.

2018ರ ಮೇ 18ರಂದು 'ಲವ್ ಯುವರ್‌ಸೆಲ್ಫ್: ಟಿಯರ್' ಎಂಬ ಅವರ ಆಲ್ಬಮ್ ಬಂತು. ಹನ್ನೊಂದು ಹಾಡುಗಳು, ಹೆಚ್ಚಿನ ಸಾಹಿತ್ಯ ಕೊರಿಯನ್ ಭಾಷೆಯದು. ಅಮೆರಿಕದಲ್ಲಿ ಯಾವ ಆಲ್ಬಮ್ ಎಷ್ಟು ಹೋಯಿತು ಎಂದು ವಾರವಾರ ಲೆಕ್ಕ ಹಾಕುವ 'ಬಿಲ್‌ಬೋರ್ಡ್ 200' ಎಂಬ ಪಟ್ಟಿ ಇದೆ. ಈ ಆಲ್ಬಮ್ ಅದರಲ್ಲಿ ನೇರವಾಗಿ ಒಂದನೇ ಸ್ಥಾನಕ್ಕೆ ಬಂತು. ಮೊದಲ ವಾರದ ಲೆಕ್ಕ 1,35,000. ಅದರಲ್ಲಿ ಸುಮಾರು ಒಂದು ಲಕ್ಷ ಇಡೀ ಆಲ್ಬಮ್ಮನ್ನೇ ಕೊಂಡವರದು. ಕೊರಿಯಾದ ಯಾವ ಕಲಾವಿದರಿಗೂ ಅದುವರೆಗೆ ಈ ಸ್ಥಾನ ಸಿಕ್ಕಿರಲಿಲ್ಲ. ಇಂಗ್ಲಿಷೇತರ ಭಾಷೆ ಪ್ರಧಾನವಾದ ಆಲ್ಬಮ್ ಅಲ್ಲಿ ಮೇಲೇರಿ ಹನ್ನೆರಡು ವರ್ಷಗಳೇ ಕಳೆದಿದ್ದವು. ದೇಶದ ಅಧ್ಯಕ್ಷ ಮೂನ್ ಜೇ-ಇನ್ ಅವರೇ ಅಭಿನಂದಿಸಿದರು.

ಭಾಷೆ ಬಾರದವರು ಹೇಗೆ ಕೇಳಿದರು? ಅಭಿಮಾನಿಗಳು ಯಾರೂ ಹೇಳದೆಯೇ, ಯಾರಿಂದಲೂ ಕಾಸು ಪಡೆಯದೆ, ಹಾಡುಗಳನ್ನೂ ಸಂದರ್ಶನಗಳನ್ನೂ ತಮ್ಮ ತಮ್ಮ ಭಾಷೆಗೆ ಅನುವಾದಿಸಿ ಹಂಚಿದರು. ಮಾತಿನಲ್ಲಿ ಹುರುಳಿದ್ದರೆ ಕೇಳುವವರೇ ಅರ್ಥ ಹುಡುಕಿಕೊಂಡು ಬರುತ್ತಾರೆ ಎಂಬುದಕ್ಕೆ ಇದು ಸಾಕ್ಷಿ.

ಮಕ್ಕಳೇ, ಆ ಭಾಷೆಯ ಕಥೆಯೂ ತಿಳಿದಿರಲಿ. ಕೊರಿಯನ್ ಲಿಪಿಯನ್ನು ಜನಸಾಮಾನ್ಯರಿಗೂ ಓದುಬರಹ ಬರಲೆಂದು ಸೆಜೋಂಗ್ ಎಂಬ ರಾಜ 1446ರಲ್ಲಿ ಪ್ರಕಟಿಸಿದ. 1910ರಿಂದ 1945ರವರೆಗೆ ಜಪಾನ್ ಆ ದೇಶವನ್ನು ಆಳಿತು. ಕೊನೆಯ ವರ್ಷಗಳಲ್ಲಿ ಶಾಲೆಗಳಿಂದ ಕೊರಿಯನ್ ಭಾಷೆಯನ್ನೇ ಹೊರಗಿಟ್ಟರು. ಹಾಗೆ ಶಾಲೆಯಿಂದ ಹೊರಬಿದ್ದಿದ್ದ ಭಾಷೆಯ ಹಾಡನ್ನು ಇಂದು ನಮ್ಮೂರಿನ ಹುಡುಗಿ ಗುನುಗುತ್ತಿದ್ದಾಳೆ.

ಇದರಿಂದ ಇಂಗ್ಲಿಷ್ ಬೇಡ ಎಂದು ಯಾರೂ ತಿಳಿಯಬಾರದು. ತಂಡದ ನಾಯಕ ಆರ್‌ಎಂ ಟಿ.ವಿ. ಧಾರಾವಾಹಿ ನೋಡಿ ನೋಡಿ ಇಂಗ್ಲಿಷ್ ಕಲಿತವನು. 2018ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ಯುನಿಸೆಫ್ ಕಾರ್ಯಕ್ರಮದಲ್ಲಿ ಇಂಗ್ಲಿಷಿನಲ್ಲೇ ಮಾತಾಡಿದ. ಅಮೆರಿಕದ ಬಿಡಿ ಹಾಡುಗಳ ಪಟ್ಟಿಯಲ್ಲಿ ಅವರಿಗೆ ಮೊದಲ ಬಾರಿ ಒಂದನೇ ಸ್ಥಾನ ಸಿಕ್ಕಿದ್ದೂ 2020ರಲ್ಲಿ, 'ಡೈನಮೈಟ್' ಎಂಬ ಇಂಗ್ಲಿಷ್ ಹಾಡಿಗೆ. ಆದರೆ ಅದೇ ವರ್ಷ 'ಲೈಫ್ ಗೋಸ್ ಆನ್' ಎಂಬ ಹಾಡು, ಬಹುಪಾಲು ಕೊರಿಯನ್ ಭಾಷೆಯಲ್ಲೇ ಇದ್ದು, ಅದೇ ಸ್ಥಾನಕ್ಕೇರಿತು. ಹೊಸದನ್ನು ಕಲಿತರು, ಇದ್ದದ್ದನ್ನು ಬಿಡಲಿಲ್ಲ.

ಇನ್ನು ಆ ಆಲ್ಬಮ್ಮಿನ ತಿರುಳು. ಇನ್ನೊಬ್ಬರು ಮೆಚ್ಚಲಿ ಎಂದು ಮುಖವಾಡ ಹಾಕಿಕೊಂಡವನು ಕೊನೆಗೆ ಪ್ರೀತಿಯನ್ನೂ ಕಳೆದುಕೊಳ್ಳುತ್ತಾನೆ, ತನ್ನನ್ನೂ ಕಳೆದುಕೊಳ್ಳುತ್ತಾನೆ. ಅದನ್ನು ಮಗಳು ಬಿಡಿಸಿ ಹೇಳಿದಾಗ ನನಗೆ ನೆನಪಾದದ್ದು ಈ ಶಾಲೆ. ಇಲ್ಲಿಂದ ಪಾಸಾಗಿ ಪಟ್ಟಣದ ಕಾಲೇಜಿಗೆ ಸೇರಿದ ಮೊದಲ ದಿನ, "ಎಲ್ಲಿ ಓದಿದ್ದು?" ಎಂದು ಒಬ್ಬ ಸಹಪಾಠಿ ಕೇಳಿದ. ನಾನು ಈ ಶಾಲೆಯ ಹೆಸರು ಹೇಳಲಿಲ್ಲ. ಪಟ್ಟಣದ ಒಂದು ಶಾಲೆಯ ಹೆಸರು ಹೇಳಿದೆ. ಎರಡು ವರ್ಷ ಆ ಸುಳ್ಳನ್ನು ಕಾಪಾಡಿಕೊಂಡೆ. ಇಂಗ್ಲಿಷಿನಲ್ಲಿ ತಪ್ಪಾದೀತೆಂದು ಬಾಯಿ ಬಿಡಲಿಲ್ಲ, ಕನ್ನಡದಲ್ಲಿ ಮಾತಾಡಿದರೆ ಗುಟ್ಟು ಬಯಲಾದೀತೆಂದು ಅದನ್ನೂ ಆಡಲಿಲ್ಲ. ಈ ಮಾತನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಇವತ್ತು ಗುರುಗಳ ಎದುರಿಗೇ ಹೇಳಿ ಕ್ಷಮೆ ಕೇಳುತ್ತಿದ್ದೇನೆ.

ಮಕ್ಕಳೇ, ನಿಮ್ಮಲ್ಲಿ ಎಲ್ಲರೂ ಹಾಡುಗಾರರಾಗಬೇಕಿಲ್ಲ. ಆ ಹುಡುಗರ ಬಟ್ಟೆ, ಕೂದಲಿನ ಬಣ್ಣ ನೋಡಿ ಖುಷಿಪಡಿ, ಬೇಡ ಎನ್ನುವುದಿಲ್ಲ. ಜೊತೆಗೆ ಅವರ ವರ್ಷಗಟ್ಟಲೆಯ ತಾಲೀಮನ್ನೂ ನೋಡಿ. ಇಂಗ್ಲಿಷ್ ಚೆನ್ನಾಗಿ ಕಲಿಯಿರಿ. ಆದರೆ "ಎಲ್ಲಿ ಓದಿದ್ದು?" ಎಂದು ಯಾರಾದರೂ ಕೇಳಿದಾಗ ಈ ಶಾಲೆಯ ಹೆಸರನ್ನೇ ಹೇಳಿ.

ನೋಟ್‌ಬುಕ್ ಮುಚ್ಚಿದ ಆ ತಾಯಿ ಇಲ್ಲೇ ಎಲ್ಲೋ ಕುಳಿತಿರಬೇಕು. ಮುಚ್ಚಬೇಡಮ್ಮ. ಕೊರಿಯನ್ ಅಕ್ಷರದ ಪಕ್ಕದಲ್ಲೇ ಅದರ ಅರ್ಥವನ್ನು ಕನ್ನಡದಲ್ಲಿ ಬರೆ. ಮುಂದಿನ ಸಲ ಬಂದಾಗ ನಾನು ಓದುತ್ತೇನೆ.