ಶಸ್ತ್ರಪರಿಮಾಣವೂ ರಾಷ್ಟ್ರಗಳ ವಚನವೂ



ಚುನಾವಣೆ ಘೋಷಣೆಯಾಯಿತೆಂದರೆ ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಕಾಫಿ ಬೆಳೆಗಾರರು ತಮ್ಮ ಪರವಾನಗಿ ಕೋವಿಗಳನ್ನು ಪೊಲೀಸು ಠಾಣೆಗೆ ಒಯ್ದು ಒಪ್ಪಿಸಿ ರಸೀತಿ ಪಡೆಯುವುದು ಮಲೆನಾಡಿಗೆ ಹೊಸತಲ್ಲ. ಕಾಡುಹಂದಿ, ಮಂಗಗಳ ಹಾವಳಿಯಿರುವಾಗ ಮನೆಯಲ್ಲಿ ಕೋವಿಯಿಲ್ಲವೆಂಬ ಗೊಣಗಾಟ ಪ್ರತಿಸಲವೂ ಕೇಳಿಬರುತ್ತದೆ. ಆದರೂ ಒಪ್ಪಿಸುತ್ತಾರೆ; ನೆರೆತೋಟದವರ ಕೋವಿಯೂ ಅದೇ ಠಾಣೆಯ ಪುಸ್ತಕದಲ್ಲಿ ದಾಖಲಾಗಿದೆಯೆಂಬ ನಂಬಿಕೆ ಅವರಿಗಿರುತ್ತದೆ. ರಾಷ್ಟ್ರಗಳಿಗಾದರೋ ಇಂತಹ ಠಾಣೆಯಿಲ್ಲ. ಅವು ಪರಸ್ಪರ ಬರೆದುಕೊಂಡ ಒಪ್ಪಂದವೇ ಠಾಣೆ. ಒಬ್ಬರ ದಾಸ್ತಾನನ್ನು ಮತ್ತೊಬ್ಬರು ಬಂದು ಎಣಿಸುವುದೇ ರಸೀತಿ. ಆ ಎಣಿಕೆಯ ಪದ್ಧತಿ ಇಂದು ಬಹುಮಟ್ಟಿಗೆ ಕುಸಿದುಬಿದ್ದಿದೆ.

ಕುಸಿಯುವ ಮುನ್ನ ಅದು ಸಾಧಿಸಿದ್ದು ಅಲ್ಪವೇನಲ್ಲ. 1986ರ ಸುಮಾರಿಗೆ ಜಗತ್ತಿನಲ್ಲಿ ಸುಮಾರು 70,000 ಅಣ್ವಸ್ತ್ರಗಳಿದ್ದುವು. ಇಂದು ಸುಮಾರು 12,000 ಇವೆ. 1987ರಲ್ಲಿ ಅಮೆರಿಕವೂ ಸೋವಿಯತ್ ಒಕ್ಕೂಟವೂ ಮಾಡಿಕೊಂಡ ಮಧ್ಯಮ ವ್ಯಾಪ್ತಿಯ ಕ್ಷಿಪಣಿಗಳ ಒಪ್ಪಂದದಂತೆ 1991ರೊಳಗೆ 2,692 ಕ್ಷಿಪಣಿಗಳು ನಾಶವಾದುವು, ಅದೂ ಎದುರುಪಕ್ಷದವರ ಕಣ್ಣೆದುರಿನಲ್ಲಿಯೇ. ಬಳಿಕ ಗಾಳಿ ತಿರುಗಿತು. ಕ್ಷಿಪಣಿ ತಡೆಯುವ ವ್ಯವಸ್ಥೆಗಳಿಗೆ ಮಿತಿ ಹಾಕಿದ್ದ 1972ರ ಒಪ್ಪಂದದಿಂದ 2002ರಲ್ಲಿಯೂ, ಮೇಲೆ ಹೇಳಿದ 1987ರ ಒಪ್ಪಂದದಿಂದ 2019ರಲ್ಲಿಯೂ ಅಮೆರಿಕ ಹೊರನಡೆಯಿತು. ಅಣುಪರೀಕ್ಷೆಗಳನ್ನು ಸಂಪೂರ್ಣ ನಿಷೇಧಿಸುವ 1996ರ ಒಪ್ಪಂದಕ್ಕೆ ತಾನು ನೀಡಿದ್ದ ಅನುಮೋದನೆಯನ್ನು ರಷ್ಯವು 2023ರಲ್ಲಿ ಹಿಂದೆಗೆದುಕೊಂಡಿತು.

ಉಳಿದದ್ದು ನ್ಯೂ ಸ್ಟಾರ್ಟ್ ಎಂಬ 2010ರ ಒಪ್ಪಂದ. ಎರಡು ದೇಶಗಳೂ ದೂರಗಾಮಿ ಅಸ್ತ್ರಗಳಲ್ಲಿ ತಲಾ 1,550ಕ್ಕಿಂತ ಹೆಚ್ಚು ಸಿಡಿತಲೆಗಳನ್ನು ಸಜ್ಜುಗೊಳಿಸಿಡಕೂಡದು, ವರ್ಷಕ್ಕೆ 18 ಬಾರಿಯವರೆಗೆ ಪರಸ್ಪರರ ನೆಲೆಗಳಿಗೆ ಹೋಗಿ ತಪಾಸಣೆ ಮಾಡಬಹುದು ಎಂಬುದು ಅದರ ಷರತ್ತು. ಹಾಗೆ 300ಕ್ಕೂ ಹೆಚ್ಚು ತಪಾಸಣೆಗಳು ನಡೆದುವು. 2020ರ ಮಾರ್ಚಿಯಲ್ಲಿ ಕೋವಿಡ್ ಕಾರಣದಿಂದ ನಿಂತ ತಪಾಸಣೆ ಮತ್ತೆ ಆರಂಭವಾಗಲಿಲ್ಲ. 2023ರ ಫೆಬ್ರವರಿಯಲ್ಲಿ ರಷ್ಯವು ಒಪ್ಪಂದದ ಪಾಲನೆಯನ್ನೇ ಅಮಾನತಿನಲ್ಲಿಟ್ಟಿತು. ಅವಧಿಯನ್ನು ಒಂದೇ ಬಾರಿ, ಐದು ವರ್ಷ ಮಾತ್ರ ವಿಸ್ತರಿಸಬಹುದೆಂದು ಅದರಲ್ಲಿಯೇ ಬರೆದಿತ್ತು. 2021ರಲ್ಲಿ ಆ ವಿಸ್ತರಣೆಯೂ ಬಳಕೆಯಾಗಿ 2026ರ ಫೆಬ್ರವರಿ 5 ಅದರ ಕೊನೆಯ ದಿನವಾಯಿತು.

ಇಷ್ಟು ಕಷ್ಟಪಟ್ಟು ಕಟ್ಟಿದ್ದು ಏಕೆ ಮುರಿಯುತ್ತದೆ? ಕಾಫಿ ಸೀಮೆಯವರಿಗೆ ಇದನ್ನು ದೂರದಿಂದ ತಂದು ವಿವರಿಸಬೇಕಾಗಿಲ್ಲ. 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದದಿಂದ ಮೊದಲ್ಗೊಂಡು, ನಡುನಡುವೆ ನಿಂತರೂ, ಬೆಳೆಯುವ ದೇಶಗಳಿಗೆ ರಫ್ತಿನ ಕೋಟಾ ನಿಗದಿಯಾಗುತ್ತಿತ್ತು. ಆದರೆ ಒಪ್ಪಂದಕ್ಕೆ ಸೇರದ ದೇಶಗಳಿಗೆ ಅದೇ ಕಾಫಿ ಅಗ್ಗದ ಬೆಲೆಗೆ ಹೋಗತೊಡಗಿತು. ಯಾರ ಪಾಲು ಎಷ್ಟೆಂಬ ಜಗಳವೂ ಹುಟ್ಟಿತು. 1989ರ ಜುಲೈಯಲ್ಲಿ ಕೋಟಾ ರದ್ದಾಯಿತು. ಕೆಲವೇ ತಿಂಗಳುಗಳಲ್ಲಿ ವಿಶ್ವದ ಪೇಟೆಯ ಧಾರಣೆ ಸುಮಾರು ಅರ್ಧಕ್ಕಿಳಿಯಿತು. ಶಸ್ತ್ರಗಳ ಕಥೆಯೂ ಇದೇ ಜಾಡಿನದು. 2019ರಲ್ಲಿ ಅಮೆರಿಕ ಕೊಟ್ಟ ಕಾರಣಗಳು ಎರಡು: ರಷ್ಯವು ನಿಷಿದ್ಧ ಕ್ಷಿಪಣಿಯನ್ನು ನಿರ್ಮಿಸಿದೆ; ಚೀನವಂತೂ ಒಪ್ಪಂದದ ಹೊರಗೇ ಇದೆ. ಮೊದಲನೆಯದನ್ನು ರಷ್ಯ ಅಲ್ಲಗಳೆಯಿತು. ಎರಡನೆಯದು ಸತ್ಯವೇ, ಆದರೆ ಮೂರನೆಯವನು ಬಾರದಿದ್ದರೆ ಇಬ್ಬರ ನಡುವಣ ಲೆಕ್ಕವನ್ನೂ ಹರಿದೆಸೆಯುವುದು ಯಾವ ವ್ಯಾಪಾರಬುದ್ಧಿ?

ಮಾತು ಕೊಡುವುದು ಬೇರೆ, ದಾಸ್ತಾನು ತೋರಿಸುವುದು ಬೇರೆ. 2025ರ ಜನವರಿ 8ರಂದು ಆರು ಮಂದಿ ನಕ್ಸಲೀಯರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಸಮ್ಮುಖದಲ್ಲಿ ಶರಣಾದಾಗ ಈ ಜಿಲ್ಲೆ ನೆಮ್ಮದಿಯ ಉಸಿರುಬಿಟ್ಟಿತು. ಆದರೆ ಮರುಕ್ಷಣವೇ ಎದ್ದ ಪ್ರಶ್ನೆ, ಅವರ ಆಯುಧಗಳೆಲ್ಲಿ ಎಂಬುದು. ಕೆಲವು ದಿನಗಳಲ್ಲಿ ಕೊಪ್ಪ ತಾಲ್ಲೂಕಿನ ಮೇಗೂರು ಕಾಡಿನಲ್ಲಿ ಅವು ದೊರೆತ ಮೇಲೆಯೇ ಜನರ ಆ ಪ್ರಶ್ನೆ ತಣಿಯಿತು.

ಭಾರತದ ವಿಷಯದಲ್ಲಿಯೂ ಈ ಸತ್ಯವನ್ನು ಮುಚ್ಚಿಡಬೇಕಾಗಿಲ್ಲ. 1992ರ ಆಗಸ್ಟಿನಲ್ಲಿ ಭಾರತ, ಪಾಕಿಸ್ತಾನಗಳೆರಡೂ ತಮ್ಮಲ್ಲಿ ರಾಸಾಯನಿಕ ಅಸ್ತ್ರಗಳಿಲ್ಲವೆಂದು ಜಂಟಿಯಾಗಿ ಸಾರಿದುವು. ಅದರಲ್ಲಿ ತಪಾಸಣೆಯ ಮಾತಿರಲಿಲ್ಲ. 1997ರಲ್ಲಿ ರಾಸಾಯನಿಕ ಅಸ್ತ್ರಗಳ ವಿಶ್ವ ಒಪ್ಪಂದ ಜಾರಿಗೆ ಬಂದು, ತಪಾಸಣಾಧಿಕಾರಿಗಳು ಬಾಗಿಲಿಗೆ ಬರುವ ಕಾಲವಾದಾಗ ಭಾರತ ತನ್ನಲ್ಲಿ ಅವು ಇವೆಯೆಂದು ಘೋಷಿಸಿತು. ಇದು ಮುಜುಗರದ ಸಂಗತಿಯೇ ಸರಿ. ಆದರೆ ಘೋಷಿಸಿದ್ದನ್ನೆಲ್ಲ 2009ರೊಳಗೆ ಅಂತರರಾಷ್ಟ್ರೀಯ ತಪಾಸಣೆಯಲ್ಲಿ ನಾಶಮಾಡಿದ ಕೀರ್ತಿಯೂ ಭಾರತದ್ದೇ. ಅಮೆರಿಕ ಆ ಕಾರ್ಯ ಮುಗಿಸಿದ್ದು 2023ರಲ್ಲಿ. ಜೈವಿಕ ಅಸ್ತ್ರಗಳನ್ನು ನಿಷೇಧಿಸುವ 1972ರ ಒಪ್ಪಂದಕ್ಕಾದರೋ ಇಂದಿಗೂ ಇಂತಹ ತಪಾಸಣೆಯ ವ್ಯವಸ್ಥೆಯಿಲ್ಲ.

ಶ್ರಾವಕನ ಪರಿಗ್ರಹಪರಿಮಾಣ ವ್ರತದಲ್ಲಿ ಮಿತಿಯನ್ನು ಎಣಿಸಿ ಹೇಳಬೇಕು. ಹೊಲವೆಷ್ಟು, ಧಾನ್ಯವೆಷ್ಟು, ಹೊನ್ನೆಷ್ಟು ಎಂದು ಹೇಳದೆ 'ಅತಿಯಾಸೆ ಪಡೆನು' ಎಂದಷ್ಟೇ ನುಡಿದರೆ ಅದು ಪರಿಮಾಣವಾಗದು. ಇನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಕೊಡಲಿ, ಖಡ್ಗ ಮೊದಲಾದ ಹಿಂಸಾಸಾಧನಗಳನ್ನು ಪರರಿಗೆ ಕೊಡುವುದನ್ನು ಹಿಂಸಾದಾನವೆಂದು ಕರೆದು ಅನರ್ಥದಂಡಗಳಲ್ಲಿ ಸೇರಿಸಿದ್ದಾರೆ. ಶಸ್ತ್ರವ್ಯಾಪಾರಕ್ಕೆ ನಿಯಮ ವಿಧಿಸುವ ಒಪ್ಪಂದವನ್ನು ವಿಶ್ವಸಂಸ್ಥೆ ಅಂಗೀಕರಿಸಿದ್ದು 2013ರಲ್ಲಿ. ಅದು ರಫ್ತು ಮಾಡುವ ದೇಶಗಳ ಪರ ವಾಲಿದೆಯೆಂಬ ಕಾರಣದಿಂದ ಭಾರತ ಆಗ ಮತ ಹಾಕದೆ ತಟಸ್ಥವಾಗಿ ಉಳಿಯಿತು. ಆ ಆಕ್ಷೇಪಣೆಯಲ್ಲಿ ಹುರುಳಿಲ್ಲವೆನ್ನಲಾಗದು; ಆದರೆ ಭಾರತವೇ ಈಗ ಶಸ್ತ್ರಗಳ ರಫ್ತನ್ನು ಹೆಚ್ಚಿಸಿಕೊಳ್ಳುತ್ತಿರುವುದರಿಂದ ಆ ಮಾತನ್ನು ಮತ್ತೊಮ್ಮೆ ವಿಚಾರಿಸಬೇಕಾದೀತು.

ಎಲ್ಲವೂ ಮುರಿದಿಲ್ಲ. ಪರಸ್ಪರರ ಅಣುಸ್ಥಾವರಗಳ ಮೇಲೆ ದಾಳಿ ಮಾಡಕೂಡದೆಂದು ಭಾರತ, ಪಾಕಿಸ್ತಾನಗಳು 1988ರ ಡಿಸೆಂಬರ್ 31ರಂದು ಒಪ್ಪಂದ ಮಾಡಿಕೊಂಡುವು. ವಿದ್ಯುತ್ ತಯಾರಿಸುವ ಸ್ಥಾವರಗಳೂ ಅದರ ರಕ್ಷಣೆಗೆ ಒಳಪಟ್ಟಿವೆ. ಘಟ್ಟದ ಉತ್ತರಕ್ಕೆ ಕಾಳೀ ನದಿಯ ದಡದಲ್ಲಿರುವ ಕೈಗಾ ಅಂತಹುದೊಂದು. ಪ್ರತಿವರ್ಷ ಜನವರಿ 1ರಂದು ದೆಹಲಿಯಲ್ಲಿಯೂ ಇಸ್ಲಾಮಾಬಾದಿನಲ್ಲಿಯೂ ಏಕಕಾಲಕ್ಕೆ ಸ್ಥಾವರಗಳ ಪಟ್ಟಿಗಳು ಕೈಬದಲಾಗಬೇಕು. 1992ರಲ್ಲಿ ಆರಂಭವಾದ ಈ ಕ್ರಮ 1999ರ ಕಾರ್ಗಿಲ್ ಕದನದ ಮರುವರ್ಷವೂ ತಪ್ಪಲಿಲ್ಲ, 2008ರಲ್ಲಿ ಮುಂಬಯಿಯ ಮೇಲೆ ದಾಳಿಯಾದ ಮರುವರ್ಷವೂ ತಪ್ಪಲಿಲ್ಲ. 2025ರ ಜನವರಿ 1ರಂದು ನಡೆದ ವಿನಿಮಯ ಮೂವತ್ತನಾಲ್ಕನೆಯದು.