ಟಾಲಿಗಂಜಿನ ಮೈಸೂರು ಮನೆತನ

(ಬಾರಾನಗರದ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣ)



ಅರಸು ಮನೆತನದ ಇತಿಹಾಸವನ್ನು ಹೇಳುವವರು ಸಾಮಾನ್ಯವಾಗಿ ಅರಮನೆಯಿಂದ ಆರಂಭಿಸುತ್ತಾರೆ. ಯುರೋಪಿನಲ್ಲಿ ತಲೆತಲಾಂತರದಿಂದ ಒಂದೇ ಕೋಟೆಮನೆಯಲ್ಲಿ ಬಾಳಿಬಂದ ಕುಟುಂಬಗಳುಂಟು; ಅಲ್ಲಿ ಗೋಡೆಯೇ ಚರಿತ್ರೆ. ನಾನು ಹೇಳಹೊರಟಿರುವ ಮನೆತನಕ್ಕೆ ಆ ಭಾಗ್ಯವಿಲ್ಲ. ಅದರ ಅರಮನೆ ಇದ್ದದ್ದು ಶ್ರೀರಂಗಪಟ್ಟಣದಲ್ಲಿ, ವಂಶ ಉಳಿದದ್ದು ಈ ಕಲ್ಕತ್ತೆಯಲ್ಲಿ. ಟಿಪ್ಪು ಸುಲ್ತಾನನ ಮಕ್ಕಳ ಮಾತು ಇದು. ಟಿಪ್ಪುವಿನ ಆಳ್ವಿಕೆಯ ಗುಣದೋಷಗಳನ್ನು ಕುರಿತು ನಾಡಿನಲ್ಲಿ ನಡೆದಿರುವ ವಾಗ್ವಾದವನ್ನು ಇಲ್ಲಿಗೆ ಎಳೆದು ತರುವ ಇಚ್ಛೆ ನನಗಿಲ್ಲ. ತಂದೆ ಸತ್ತಾಗ ನಾಲ್ಕು ವರ್ಷದ ಮಗುವಾಗಿದ್ದವನಿಗೆ ಆ ವಾಗ್ವಾದದಲ್ಲಿ ಯಾವ ಪಾಲು?

1799ರ ಮೇ 4ರಂದು ಪಟ್ಟಣ ಬಿದ್ದಿತು. ಅನಂತರ ಆ ಮನೆ ಚೂರುಚೂರಾಗಿ ಹಂಚಿಹೋಯಿತು. ಲಾಲ್ ಮಹಲ್ ಇದ್ದ ಸ್ಥಳದಲ್ಲಿ ಇಂದು ಉಳಿದಿರುವುದು ಅಡಿಪಾಯದ ಗುರುತು ಮಾತ್ರ. ಟಿಪ್ಪುವಿನ ಅರಮನೆಯ ತೊಲೆಗಳು ನೀಲಗಿರಿಯನ್ನೇರಿ ಉದಕಮಂಡಲದ ಸೇಂಟ್ ಸ್ಟೀಫನ್ಸ್ ಚರ್ಚಿನ ಮಾಡನ್ನು ಹೊತ್ತವು. ಮರದ ಹುಲಿ ಲಂಡನ್ನಿಗೆ ಹೋಯಿತು. ಸುಮಾರು 2000 ಸಂಪುಟಗಳ ಗ್ರಂಥಭಂಡಾರದ ಬಹುಭಾಗ ಇಲ್ಲಿನ ಫೋರ್ಟ್ ವಿಲಿಯಂ ಕಾಲೇಜಿಗೆ ಬಂದಿತು. 1809ರಲ್ಲಿ ಚಾರ್ಲ್ಸ್ ಸ್ಟೂವರ್ಟ್ ಅದರ ವಿವರಣಾತ್ಮಕ ಸೂಚಿಯನ್ನು ಪ್ರಕಟಿಸಿದ. ಅವುಗಳಲ್ಲಿ ಅನೇಕ ಹಸ್ತಪ್ರತಿಗಳು ಪಾರ್ಕ್ ಸ್ಟ್ರೀಟಿನ ಏಷ್ಯಾಟಿಕ್ ಸೊಸೈಟಿಯಲ್ಲಿವೆ. ಮಕ್ಕಳಿಗಿಂತ ಮುಂಚೆ ಪುಸ್ತಕಗಳೇ ಕಲ್ಕತ್ತೆಯನ್ನು ಸೇರಿದ್ದವು ಎಂಬುದು ವಿಚಿತ್ರವಾದರೂ ಸತ್ಯ.

ಮಕ್ಕಳನ್ನು ಮೊದಲು ಇರಿಸಿದ್ದು ವೇಲೂರಿನ ಕೋಟೆಯಲ್ಲಿ. 1806ರ ಜುಲೈ 10ರಂದು ಅಲ್ಲಿನ ಸಿಪಾಯಿಗಳು ದಂಗೆಯೆದ್ದು ಕೋಟೆಯ ಮೇಲೆ ಮೈಸೂರಿನ ಬಾವುಟವನ್ನೇರಿಸಿದರು. ಸಿಪಾಯಿಗಳ ಸಿಟ್ಟಿಗೆ ಹೊಸ ಪೇಟ, ಗಡ್ಡ, ಜಾತಿಚಿಹ್ನೆಗಳ ನಿಯಮಗಳೇ ಮುಖ್ಯ ಕಾರಣವಾಗಿದ್ದರೂ ಕಂಪನಿ ಸರಕಾರ ರಾಜಕುಮಾರರನ್ನು ಅಲ್ಲಿರಗೊಡಲಿಲ್ಲ. ಪರಿವಾರವನ್ನು ಕಲ್ಕತ್ತೆಯ ದಕ್ಷಿಣದಲ್ಲಿ, ಟಾಲಿ ಕಾಲುವೆಯ ಆಸುಪಾಸಿನ ರಸಾಪಗ್ಲಾ ಎಂಬಲ್ಲಿಗೆ ಸಾಗಿಸಿತು. ಹೆಸರಿಗೆ ತೂಕವಿರುವ ನೆಲದಿಂದ ಅರಸನನ್ನು ಕಿತ್ತು, ಆ ಹೆಸರು ಯಾರಿಗೂ ಬೇಡವಾದ ನೆಲದಲ್ಲಿ ನೆಡುವುದು ಒಂದು ರಾಜನೀತಿ. 1834ರಲ್ಲಿ ಕೊಡಗಿನ ಚಿಕ್ಕವೀರರಾಜೇಂದ್ರನನ್ನು ಕಾಶಿಗೆ ಕಳುಹಿಸಿದರು. 1856ರಲ್ಲಿ ರಾಜ್ಯ ಕಳೆದುಕೊಂಡ ಅವಧದ ವಾಜಿದ್ ಅಲಿ ಷಾ ಇದೇ ನಗರದ ಮಟಿಯಾಬುರ್ಜಿಗೆ ಬಂದ. 1885ರಲ್ಲಿ ಬರ್ಮಾದ ಥೀಬಾನನ್ನು ಪದಚ್ಯುತಗೊಳಿಸಿ, ಕಡೆಗೆ ರತ್ನಗಿರಿಯಲ್ಲಿರಿಸಿದರು.

ಇವರಲ್ಲಿ ನನ್ನನ್ನು ಹೆಚ್ಚು ಸೆಳೆದವನು ರಾಜಕುಮಾರ ಗುಲಾಂ ಮಹಮ್ಮದ್. ನಾಲ್ಕು ವರ್ಷದ ಮಗು ಎಂದೆನಲ್ಲ, ಅವನೇ. 1795ರಲ್ಲಿ ಹುಟ್ಟಿ, 1872ರಲ್ಲಿ ಇಲ್ಲಿಯೇ ತೀರಿಕೊಂಡ. ಎಸ್ಪ್ಲನೇಡಿನಲ್ಲಿ ಮೆಟ್ರೋ ಇಳಿದವರೆಲ್ಲ ಧರ್ಮತಲಾದ ಟಿಪ್ಪು ಸುಲ್ತಾನ್ ಮಸೀದಿಯನ್ನು ನೋಡಿಯೇ ಇರುತ್ತೀರಿ. ಅದನ್ನು ಕಟ್ಟಿಸಿದವನು ಟಿಪ್ಪುವಲ್ಲ, ಈ ಮಗ, 1842ರಲ್ಲಿ. ಅಲ್ಲಿನ ಶಿಲಾಲೇಖದ ಒಕ್ಕಣೆಯನ್ನು ಗಮನಿಸಬೇಕು: ದೇವರಿಗೆ ಕೃತಜ್ಞತೆ, ಜೊತೆಗೆ ಕಂಪನಿಯ ನಿರ್ದೇಶಕ ಮಂಡಲಿಯು 1840ರಲ್ಲಿ ತನ್ನ ವೇತನದ ಬಾಕಿಯನ್ನು ಮಂಜೂರು ಮಾಡಿದ್ದರ ಸ್ಮರಣೆ. ಕಡತಗಳ ನಡುವೆ ಆಯುಷ್ಯ ಸವೆಸಿದ ನನ್ನಂಥವನಿಗೆ ‘ಬಾಕಿ’ ಎಂಬ ಶಬ್ದದ ಭಾರ ಗೊತ್ತು. ಕಂಪನಿಯನ್ನು ನಡುಗಿಸಿದ ತಂದೆಯ ಮಗ ಅದೇ ಕಂಪನಿಯ ಮಂಜೂರಾತಿಯನ್ನು ಕಲ್ಲಿನಲ್ಲಿ ಕೆತ್ತಿಸಿದ. ಇದನ್ನು ದೈನ್ಯವೆನ್ನುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಬಂದ ಹಣವನ್ನು ಆತ ಊರಿನ ನಟ್ಟನಡುವೆ, ಅಧಿಕಾರಿಗಳ ಕಣ್ಣೆದುರಿಗೆ, ಅಳಿಸಲಾಗದ ರೂಪದಲ್ಲಿ ಇಟ್ಟ. ತಂದೆಯ ಹೆಸರನ್ನೂ ಅದರ ಮೇಲೆ ಬರೆಸಿದ.

ಇನ್ನೊಂದು ಕೆಲಸವನ್ನೂ ಮಾಡಿದ. ಹೈದರಾಲಿಯ ಸೇವೆಯಲ್ಲಿದ್ದ ಫ್ರೆಂಚ್ ಅಧಿಕಾರಿ ಮೇತ್ರ್ ದ ಲಾ ತೂರ್ ಬರೆದ ಹೈದರನ ಚರಿತ್ರೆಯನ್ನು ತಿದ್ದಿ, 1855ರಲ್ಲಿ ಇಂಗ್ಲಿಷಿನಲ್ಲಿ ಹೊರತಂದ. ಅದರ ಮುಖಪುಟದಲ್ಲಿ ತನ್ನನ್ನು ಟಿಪ್ಪುವಿನ ಬದುಕಿರುವ ಏಕಮಾತ್ರ ಪುತ್ರನೆಂದು ಕರೆದುಕೊಂಡ. ಅರಮನೆ ಹೋದ ಮೇಲೆ ಪುಸ್ತಕವೊಂದೇ ಮನೆಯಾಗಬಲ್ಲದು ಎಂದು ಅವನಿಗೆ ಅನಿಸಿರಬಹುದು.

ಟಾಲಿಗಂಜಿನಲ್ಲಿ ಮನೆತನದ ಆಸ್ತಿ ದೊಡ್ಡದಾಗಿಯೇ ಇತ್ತು. 1895ರಲ್ಲಿ ಸ್ಥಾಪನೆಯಾದ ಟಾಲಿಗಂಜ್ ಕ್ಲಬ್ಬಿನ ಹಳೆಯ ಬಂಗಲೆ, ತೋಟಗಳಿಗೂ ಈ ಮನೆತನದ ನಂಟಿದೆ. ಪ್ರಿನ್ಸ್ ಅನ್ವರ್ ಷಾ ರಸ್ತೆ, ಪ್ರಿನ್ಸ್ ಗುಲಾಂ ಮಹಮ್ಮದ್ ಷಾ ರಸ್ತೆ, ಪ್ರಿನ್ಸ್ ಭಕ್ತಿಯಾರ್ ಷಾ ರಸ್ತೆ, ಇವೆಲ್ಲ ಮೈಸೂರಿನ ಹೆಸರುಗಳೇ. ಅನ್ವರ್ ಷಾ ರಸ್ತೆಯ ಬೃಹತ್ ಮಳಿಗೆಯಲ್ಲಿ ಸಾಮಾನು ಕೊಳ್ಳುವ ನಮ್ಮವರಿಗೆ ಅದು ಹೊಳೆಯುವುದಿಲ್ಲ. ವಂಶಜರಲ್ಲಿ ಕೆಲವರು ರಿಕ್ಷಾ ತುಳಿದು ಹೊಟ್ಟೆ ಹೊರೆದ ಸುದ್ದಿಯನ್ನು ಪತ್ರಿಕೆಗಳು ಆಗಾಗ ರೋಚಕವಾಗಿ ಬರೆದಿವೆ. ಓದಿ ಮರುಗುವುದು ಸುಲಭ. ತಲೆಮಾರುಗಳ ಕಾಲ ಉದ್ಯೋಗವಾಗಲಿ ಅಧಿಕಾರವಾಗಲಿ ಇಲ್ಲದೆ, ಸರಕಾರದ ತಿಂಗಳ ವೇತನವನ್ನೇ ನಂಬಿರಬೇಕಾದ ಕುಟುಂಬದಲ್ಲಿ ಪಾಲುಗಳು ಹೆಚ್ಚುತ್ತ ಹೋದಂತೆ ಏನಾಗುತ್ತದೆ ಎಂಬ ಲೆಕ್ಕವನ್ನು ಹಾಕುವವರು ಕಡಿಮೆ.

ಇವರು ಕನ್ನಡಿಗರೇ ಎಂದು ನೀವು ಕೇಳಬಹುದು. ಆ ಅರಮನೆಯ ಬರವಣಿಗೆ ಪಾರಸಿಯಲ್ಲಿತ್ತು. ಮನೆಮಾತು ಕನ್ನಡವೆಂದು ನಾನು ಹೇಳಲಾರೆ. ಆದರೂ ಇಲ್ಲಿ ಅವರನ್ನು ಗುರುತಿಸಿದ್ದು ‘ಮೈಸೂರು ಫ್ಯಾಮಿಲಿ’ ಎಂದೇ. ಅವರ ವಕ್ಫ್ ನಿಧಿಯ ಹೆಸರಿನಲ್ಲಿಯೂ ಮೈಸೂರು ಎಂಬ ಶಬ್ದ ನಿಂತಿದೆ.

ಕಾಳೀಘಾಟಿನ ಪರಿಸರದಲ್ಲಿ, ಸತೀಶ್ ಮುಖರ್ಜಿ ರಸ್ತೆಯಲ್ಲಿ, ಈ ಮನೆತನದವರ ಗೋರಿಗಳಿವೆ. ಅಲ್ಲಿಂದ ತುಸು ದೂರದಲ್ಲಿ, ಕೇವಡಾತಲಾ ಸ್ಮಶಾನಘಟ್ಟದ ಬಳಿ ಮೈಸೂರಿನದೇ ಇನ್ನೊಂದು ಸ್ಮಾರಕವಿದೆ. ಯಾವ ಒಡೆಯರ ವಂಶಕ್ಕೆ 1799ರಲ್ಲಿ ಸಿಂಹಾಸನ ಮರಳಿತೋ, ಅದೇ ವಂಶದ ಹತ್ತನೆಯ ಚಾಮರಾಜ ಒಡೆಯರು ಕಲ್ಕತ್ತೆಗೆ ಬಂದಿದ್ದಾಗ 1894ರ ಡಿಸೆಂಬರ್ 28ರಂದು ಗಂಟಲುಮಾರಿಗೆ ತುತ್ತಾಗಿ, 31ನೆಯ ವಯಸ್ಸಿನಲ್ಲಿಯೇ ಕಾಲವಾದರು. ಅವರ ನೆನಪಿಗೆ ಎದ್ದ ಮಂದಿರವದು. ಟಾಲಿಗಂಜಿನಿಂದ ಹರಿದು ಬರುವ ಕಾಲುವೆಯೇ ಅದರ ಮಗ್ಗುಲಲ್ಲಿಯೂ ಹರಿಯುತ್ತದೆ. ಇಲ್ಲಿಂದ ಕಾಳೀಘಾಟಿಗೆ ಮೆಟ್ರೋ ನೇರವಾಗಿ ಹೋಗುತ್ತದೆ. ಒಂದು ಭಾನುವಾರ ಎರಡನ್ನೂ ನೋಡಿ ಬರಬಹುದು.